ಪಕ್ಷಿಚಿತ್ರಕಾರ ಆಡುಬಾನ್

ಕಲ್ಲಿನಿಂದ ಕಟ್ಟಿದ ಗುಡಿಯು ಸಾವಿರ ವರ್ಷ ನಿಲ್ಲಬಹುದು. ಕಾಗದದ ಮೇಲೆ ಬರೆದ ಚಿತ್ರಕ್ಕೆ ಅಂತಹ ಆಯುಸ್ಸಿಲ್ಲ. ನೀರು, ಬೆಂಕಿ, ಬಿಸಿಲು, ಇಲಿ, ಹುಳು ಇವೆಲ್ಲವೂ ಅದಕ್ಕೆ ಶತ್ರುಗಳೇ. ಒರಲೆ ಹಿಡಿದು ಪುಡಿಪುಡಿಯಾದ ಓಲೆಗರಿಯ ಕಟ್ಟುಗಳನ್ನು ಕಂಡವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಹೀಗಿದ್ದರೂ ಸುಮಾರು ಇನ್ನೂರು ವರ್ಷಗಳ ಹಿಂದೆ ಒಬ್ಬ ಮನುಷ್ಯನು ಕಾಡುಮೇಡುಗಳಲ್ಲಿ ಅಲೆದು, ಹಸಿವು ಬಡತನಗಳನ್ನು ಸಹಿಸಿ ಬರೆದ ನಾನೂರಕ್ಕೂ ಹೆಚ್ಚು ಹಕ್ಕಿಚಿತ್ರಗಳು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಇಂದಿಗೂ ಸುರಕ್ಷಿತವಾಗಿ ಉಳಿದಿವೆ. ಅವುಗಳನ್ನು ಬರೆದವನು ಜಾನ್ ಜೇಮ್ಸ್ ಆಡುಬಾನ್. ಅವುಗಳನ್ನು ಕಾಪಾಡಿಕೊಂಡು ಬಂದಿರುವುದು ನ್ಯೂಯಾರ್ಕಿನ ಇತಿಹಾಸ ಸಂಘ. ಒಬ್ಬನು ಸೃಷ್ಟಿಸಿದುದನ್ನು ಇನ್ನೊಬ್ಬರು ಉಳಿಸಿಕೊಂಡ ಬಗೆಯನ್ನು ಈ ಕಥೆ ತಿಳಿಸುತ್ತದೆ.

ಆಡುಬಾನನು 1785ರ ಏಪ್ರಿಲ್ 26ರಂದು ಕೆರಿಬಿಯನ್ ಸಮುದ್ರದ ಸಾಂತೊ ಡೊಮಿಂಗೊ ದ್ವೀಪದಲ್ಲಿ, ಆಗ ಫ್ರೆಂಚರ ವಸಾಹತಾಗಿದ್ದ ಭಾಗದಲ್ಲಿ ಜನಿಸಿದನು. ಆ ಭಾಗವೇ ಇಂದಿನ ಹೈಟಿ ದೇಶ. ತಂದೆ ಫ್ರೆಂಚ್ ನಾವಿಕ. ಅಲ್ಲಿ ಅವನಿಗೆ ಕಬ್ಬಿನ ತೋಟವಿದ್ದಿತು. ಮಗು ಹುಟ್ಟಿದ ಕೆಲವೇ ತಿಂಗಳುಗಳಲ್ಲಿ ತಾಯಿ ತೀರಿಕೊಂಡಳು. ಕೆಲವು ವರ್ಷಗಳ ಬಳಿಕ ತಂದೆಯು ಮಗುವನ್ನು ಫ್ರಾನ್ಸಿಗೆ ಕಳುಹಿಸಿದನು. ಅಲ್ಲಿ ನಾಂಟ್ ನಗರದ ಸಮೀಪದ ಮನೆಯಲ್ಲಿ ಮಲತಾಯಿಯು ಅವನನ್ನು ಸ್ವಂತ ಮಗನಂತೆ ಅಕ್ಕರೆಯಿಂದ ಸಾಕಿದಳು. ಫ್ರಾನ್ಸಿನ ಮಹಾಕ್ರಾಂತಿಯ ಗದ್ದಲದ ದಿನಗಳವು. ಬಾಲಕನಿಗೆ ಶಾಲೆಯ ಪಾಠಗಳಿಗಿಂತ ಹೊಲಗದ್ದೆಗಳ ತಿರುಗಾಟವೇ ಹಿತವಾಗಿದ್ದಿತು. ಹಕ್ಕಿಯ ಗೂಡು, ಮೊಟ್ಟೆ, ಉದುರಿದ ಗರಿ ಇವುಗಳನ್ನು ಆಯ್ದು ತರುವುದು, ಕಂಡ ಹಕ್ಕಿಯನ್ನು ಕಾಗದದ ಮೇಲೆ ಬರೆಯಲು ಯತ್ನಿಸುವುದು ಅವನ ನಿತ್ಯದ ಹವ್ಯಾಸವಾಯಿತು. ಬರೆದುದು ಮನಸ್ಸಿಗೆ ಒಪ್ಪದಿದ್ದರೆ ಅದನ್ನು ಸುಟ್ಟುಹಾಕಿ ಮತ್ತೆ ಬರೆಯುತ್ತಿದ್ದನು.

1803ರಲ್ಲಿ ಹದಿನೆಂಟು ವರ್ಷದ ತರುಣನನ್ನು ತಂದೆಯು ಅಮೆರಿಕಕ್ಕೆ ಕಳುಹಿಸಿದನು. ನೆಪೋಲಿಯನ್ನನ ಸೈನ್ಯಕ್ಕೆ ಯುವಕರನ್ನು ಬಲವಂತವಾಗಿ ಸೇರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಮಗನು ಅದರಿಂದ ಪಾರಾಗಲಿ ಎಂಬುದು ತಂದೆಯ ಉದ್ದೇಶ. ಫಿಲಡೆಲ್ಫಿಯ ನಗರದ ಸಮೀಪದಲ್ಲಿ ಮಿಲ್ ಗ್ರೋವ್ ಎಂಬ ಜಮೀನು ಅವರ ಕುಟುಂಬಕ್ಕೆ ಸೇರಿದ್ದಿತು. ಅದರ ಉಸ್ತುವಾರಿ ನೋಡಿಕೊಳ್ಳುವುದು ಆಡುಬಾನನ ಕೆಲಸ. ಆದರೆ ಜಮೀನಿಗಿಂತ ಅದರ ಸುತ್ತಲಿನ ಕಾಡು ಹೊಳೆಗಳೇ ಅವನನ್ನು ಸೆಳೆದವು. ಹೊಳೆಯ ದಡದ ಗುಹೆಯೊಂದರಲ್ಲಿ ಫೀಬಿ ಎಂಬ ಪುಟ್ಟ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಅವುಗಳ ಮರಿಗಳ ಕಾಲಿಗೆ ತಾನು ಬೆಳ್ಳಿಯ ಎಳೆಯನ್ನು ಕಟ್ಟಿದೆನೆಂದೂ ಮರುವರ್ಷ ಅವೇ ಹಕ್ಕಿಗಳು ಅಲ್ಲಿಗೆ ಹಿಂದಿರುಗಿದುವೆಂದೂ ಅವನು ಮುಂದೆ ಬರೆದನು. ಆ ವಸಂತದಲ್ಲಿ ಅವನು ಫ್ರಾನ್ಸಿನಲ್ಲಿದ್ದನೆಂಬುದನ್ನು ಗುರುತಿಸಿದ ಇತ್ತೀಚಿನ ವಿದ್ವಾಂಸರು ಈ ಕಥೆಯನ್ನು ಪೂರ್ತಿಯಾಗಿ ನಂಬುವುದಿಲ್ಲ. ಆಡುಬಾನನಿಗೆ ತನ್ನ ಬಾಳಿನ ಸಂಗತಿಗಳಿಗೆ ಬಣ್ಣ ಕಟ್ಟಿ ಹೇಳುವ ಅಭ್ಯಾಸವಿದ್ದಿತೆಂಬುದು ನಿಜ. ಆದರೆ ಹಕ್ಕಿಗಳ ವಿಷಯದಲ್ಲಿ ಅವನ ಕುತೂಹಲವು ಬರಿಯ ಬಣ್ಣವಾಗಿರಲಿಲ್ಲ.

ಅಂದಿನ ಪಕ್ಷಿಚಿತ್ರಗಳೆಲ್ಲ ಬಹುಮಟ್ಟಿಗೆ ಒಂದೇ ಬಗೆಯವು. ಸತ್ತ ಹಕ್ಕಿಯ ಚರ್ಮಕ್ಕೆ ಹತ್ತಿ ತುಂಬಿ, ಕೊಂಬೆಯ ಮೇಲೆ ಕೂರಿಸಿ, ಪಕ್ಕದಿಂದ ನೋಡಿ ಬರೆದ ನಿರ್ಜೀವ ಆಕೃತಿಗಳು. ಆಡುಬಾನನಿಗೆ ಇದು ಒಪ್ಪಿಗೆಯಾಗಲಿಲ್ಲ. ಹಾರುವ, ಕಾದಾಡುವ, ಮರಿಗೆ ಗುಟುಕು ಕೊಡುವ ಹಕ್ಕಿಯನ್ನು ಹಾಗೆಯೇ ಚಿತ್ರದಲ್ಲಿ ಹಿಡಿಯಬೇಕೆಂದು ಅವನು ಹಂಬಲಿಸಿದನು. ಅದಕ್ಕಾಗಿ ಒಂದು ಉಪಾಯವನ್ನು ಕಂಡುಕೊಂಡನು. ಚೌಕಗಳ ಗೆರೆ ಎಳೆದ ಹಲಗೆಯ ಮೇಲೆ ಆಗತಾನೆ ಹೊಡೆದ ಹಕ್ಕಿಯನ್ನು ತಂತಿಗಳಿಂದ ಚುಚ್ಚಿ, ಅದು ಬದುಕಿದ್ದಾಗ ತಾನು ನೋಡಿದ್ದ ಭಂಗಿಯಲ್ಲಿ ನಿಲ್ಲಿಸಿದನು. ಕಾಗದದ ಮೇಲೆಯೂ ಅದೇ ಅಳತೆಯ ಚೌಕಗಳನ್ನು ಎಳೆದುಕೊಂಡು ಹಕ್ಕಿಯನ್ನು ಅದರ ನಿಜವಾದ ಗಾತ್ರದಲ್ಲಿಯೇ ಬರೆದನು. ಗರಿಗಳ ಹೊಳಪು ಮಾಸುವುದಕ್ಕೆ ಮುಂಚೆ ಚಿತ್ರ ಮುಗಿಯಬೇಕಾದುದರಿಂದ ಗಂಟೆಗಟ್ಟಲೆ ಎದ್ದೇಳದೆ ಕುಳಿತು ದುಡಿಯುತ್ತಿದ್ದನು. ಕ್ಯಾಮೆರಾ ಇಲ್ಲದ ಆ ಕಾಲದಲ್ಲಿ ಹಕ್ಕಿಯನ್ನು ಬರೆಯಬೇಕಾದರೆ ಅದನ್ನು ಕೊಲ್ಲುವುದು ಸಾಮಾನ್ಯ ಪದ್ಧತಿಯಾಗಿದ್ದಿತು. ಆಡುಬಾನನು ಕೊಂದ ಹಕ್ಕಿಗಳಿಗೆ ಲೆಕ್ಕವಿಲ್ಲ.

ಮಿಲ್ ಗ್ರೋವಿನ ನೆರೆಯಲ್ಲಿ ಇಂಗ್ಲೆಂಡಿನಿಂದ ಬಂದ ಬೇಕ್‌ವೆಲ್ ಎಂಬ ಕುಟುಂಬವು ನೆಲಸಿದ್ದಿತು. ಆ ಮನೆಯ ಮಗಳು ಲೂಸಿ ವಿದ್ಯಾವಂತೆ, ಸಂಗೀತ ಬಲ್ಲವಳು, ಸ್ಥಿರಚಿತ್ತೆ. 1808ರಲ್ಲಿ ಆಕೆಗೂ ಆಡುಬಾನನಿಗೂ ವಿವಾಹವಾಯಿತು. ದಂಪತಿಗಳು ಪಶ್ಚಿಮಕ್ಕೆ ಪಯಣ ಮಾಡಿ ಕೆಂಟಕಿ ರಾಜ್ಯದ ಲೂಯಿವಿಲ್ ಎಂಬ ಊರಿನಲ್ಲಿ ಸಂಸಾರ ಹೂಡಿದರು. ಅಲ್ಲಿ ಆಡುಬಾನನು ಪಾಲುಗಾರನೊಬ್ಬನೊಡನೆ ಅಂಗಡಿಯನ್ನು ತೆರೆದನು. ಪಾಲುಗಾರನು ಅಂಗಡಿಯಲ್ಲಿ ಕುಳಿತರೆ ಇವನು ಬಂದೂಕವನ್ನೂ ಪೆನ್ಸಿಲನ್ನೂ ಹಿಡಿದು ಕಾಡಿನ ದಾರಿ ಹಿಡಿಯುತ್ತಿದ್ದನು.

1810ರಲ್ಲಿ ಒಂದು ದಿನ ಅಲೆಕ್ಸಾಂಡರ್ ವಿಲ್ಸನ್ ಎಂಬಾತನು ಆ ಅಂಗಡಿಗೆ ಬಂದನು. ಸ್ಕಾಟ್ಲೆಂಡಿನವನಾದ ಈತನು ಅಮೆರಿಕದ ಪಕ್ಷಿಗಳನ್ನು ಕುರಿತ ದೊಡ್ಡ ಗ್ರಂಥವೊಂದನ್ನು ಸಂಪುಟ ಸಂಪುಟವಾಗಿ ಹೊರತರುತ್ತ, ಅದಕ್ಕೆ ಚಂದಾದಾರರನ್ನು ಹುಡುಕಿಕೊಂಡು ಊರೂರು ಅಲೆಯುತ್ತಿದ್ದನು. ಆಡುಬಾನನು ಚಂದಾ ಪತ್ರಕ್ಕೆ ಸಹಿ ಹಾಕಲು ಲೇಖನಿಯನ್ನು ಎತ್ತಿಕೊಂಡಾಗ, ಅವನ ಚಿತ್ರಗಳೇ ಇವುಗಳಿಗಿಂತ ಮೇಲಾಗಿವೆಯೆಂದು ಪಾಲುಗಾರನು ಫ್ರೆಂಚ್ ಭಾಷೆಯಲ್ಲಿ ತಡೆದನೆಂದು ಆಡುಬಾನನೇ ಮುಂದೆ ಬರೆದಿದ್ದಾನೆ. ಲೇಖನಿಯು ಕೆಳಗಿಳಿಯಿತು. ತನ್ನ ಹವ್ಯಾಸವನ್ನು ಒಂದು ಗ್ರಂಥವಾಗಿಸಬಹುದೆಂಬ ಆಲೋಚನೆಗೆ ಬಹುಶಃ ಅಂದೇ ಬೀಜ ಬಿದ್ದಿರಬೇಕು.

ಅನಂತರ ಕುಟುಂಬವು ಒಹಾಯೊ ನದಿಯ ದಡದ ಹೆಂಡರ್ಸನ್ ಎಂಬ ಊರಿಗೆ ಹೋಯಿತು. ಅಲ್ಲಿ ಕೆಲವು ಕಾಲ ವ್ಯಾಪಾರವು ಕೈಹಿಡಿಯಿತು. ಆ ದಿನಗಳ ಅನೇಕ ಸಿರಿವಂತರಂತೆ ಆಡುಬಾನನೂ ಕರಿಯ ಗುಲಾಮರನ್ನು ಕೊಂಡು ದುಡಿಸಿದನು. ಹಣದ ಮುಗ್ಗಟ್ಟು ಬಂದಾಗ ಅವರನ್ನು ಮಾರಿದನು. ಮನುಷ್ಯರನ್ನು ಸರಕಿನಂತೆ ಕಂಡ ಈ ದೋಷವನ್ನು ಅವನ ಚಿತ್ರಗಳ ಸೊಬಗು ಮುಚ್ಚಲಾರದು. ವ್ಯಾಪಾರದ ಲಾಭವನ್ನೆಲ್ಲ ತೊಡಗಿಸಿ ಅವನು ಒಂದು ಉಗಿಯಂತ್ರದ ಗಿರಣಿಯನ್ನು ಹೂಡಿದನು. ಅದು ಆ ಊರಿಗೆ ಮೀರಿದ ಸಾಹಸವಾಗಿದ್ದಿತು. 1819ರಲ್ಲಿ ಅಮೆರಿಕದ ಉದ್ದಗಲಕ್ಕೂ ಹಣಕಾಸಿನ ಬಿಕ್ಕಟ್ಟು ತಲೆದೋರಿದಾಗ ಗಿರಣಿ ಮುಳುಗಿತು. ಸಾಲಗಾರರು ಅವನನ್ನು ಸೆರೆಮನೆಗೆ ಹಾಕಿಸಿದರು. ದಿವಾಳಿಯೆಂದು ಒಪ್ಪಿಕೊಂಡು ಹೊರಬಂದಾಗ ಉಟ್ಟ ಬಟ್ಟೆ, ಬಂದೂಕ, ಚಿತ್ರಗಳ ಕಟ್ಟು ಇಷ್ಟು ಬಿಟ್ಟರೆ ಅವನದೆನ್ನುವ ಆಸ್ತಿ ಏನೂ ಉಳಿದಿರಲಿಲ್ಲ. ಎರಡು ಹೆಣ್ಣು ಮಕ್ಕಳನ್ನು ಆ ದಂಪತಿಗಳು ಎಳವೆಯಲ್ಲಿಯೇ ಕಳೆದುಕೊಂಡರು. ವಿಕ್ಟರ್ ಮತ್ತು ಜಾನ್ ಎಂಬ ಇಬ್ಬರು ಗಂಡು ಮಕ್ಕಳು ಉಳಿದರು.

ಚಿತ್ರಗಳಿಗೂ ಒಮ್ಮೆ ದೊಡ್ಡ ಆಪತ್ತು ಬಂದಿದ್ದಿತು. ಹೆಂಡರ್ಸನ್ನಿನಲ್ಲಿದ್ದಾಗ ಆಡುಬಾನನು ಕಾರ್ಯನಿಮಿತ್ತ ಫಿಲಡೆಲ್ಫಿಯಕ್ಕೆ ಹೋಗಬೇಕಾಯಿತು. ಅಲ್ಲಿಯವರೆಗೆ ಬರೆದಿದ್ದ ಸುಮಾರು ಇನ್ನೂರು ಚಿತ್ರಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಬಂಧುವೊಬ್ಬನ ವಶಕ್ಕೆ ಒಪ್ಪಿಸಿ ಹೋದನು. ಕೆಲವು ತಿಂಗಳ ಮೇಲೆ ಹಿಂದಿರುಗಿ ಪೆಟ್ಟಿಗೆಯ ಮುಚ್ಚಳವನ್ನು ತೆರೆದಾಗ ಕಂಡದ್ದೇನು! ಒಂದು ಜೊತೆ ಇಲಿಗಳು ಅದರೊಳಗೆ ಸಂಸಾರ ಹೂಡಿದ್ದುವು. ಚಿತ್ರಗಳೆಲ್ಲ ಚೂರುಚೂರಾಗಿ ಮರಿಗಳ ಹಾಸಿಗೆಯಾಗಿದ್ದುವು. ಸುಮಾರು ಒಂದು ಸಾವಿರ ಹಕ್ಕಿಗಳ ಆಕೃತಿಗಳು ಒಮ್ಮೆಗೇ ನಾಶವಾಗಿದ್ದುವು. ಕೆಲವು ದಿನ ಅವನಿಗೆ ನಿದ್ರೆಯಿಲ್ಲ, ನೆಮ್ಮದಿಯಿಲ್ಲ. ಬಳಿಕ ಎಂದಿನಂತೆ ಬಂದೂಕ, ಟಿಪ್ಪಣಿ ಪುಸ್ತಕ, ಪೆನ್ಸಿಲುಗಳನ್ನು ಎತ್ತಿಕೊಂಡು ಮತ್ತೆ ಕಾಡಿಗೆ ನಡೆದನು. ಈ ಸಲ ಹಿಂದಿನವುಗಳಿಗಿಂತ ಉತ್ತಮವಾದ ಚಿತ್ರಗಳನ್ನು ಬರೆಯಬಹುದೆಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡನು. ಮೂರು ವರ್ಷಗಳೊಳಗೆ ಕಟ್ಟು ಮತ್ತೆ ತುಂಬಿತು.

ದಿವಾಳಿಯಾದ ಮೇಲೆ ಆಡುಬಾನನು ಒಂದು ದೃಢ ನಿರ್ಧಾರಕ್ಕೆ ಬಂದನು. ಅಮೆರಿಕದ ಹಕ್ಕಿಗಳನ್ನೆಲ್ಲ ಬರೆಯುವುದೇ ಇನ್ನು ತನ್ನ ಬಾಳಿನ ಕೆಲಸವೆಂದು ನಿಶ್ಚಯಿಸಿದನು. 1820ರ ಅಕ್ಟೋಬರಿನಲ್ಲಿ ಸಿನ್ಸಿನಾಟಿ ನಗರದಿಂದ ದೋಣಿಯೇರಿ ಒಹಾಯೊ, ಮಿಸಿಸಿಪಿ ನದಿಗಳಗುಂಟ ದಕ್ಷಿಣಕ್ಕೆ ಹೊರಟನು. ಜೋಸೆಫ್ ಮೇಸನ್ ಎಂಬ ಹದಿಮೂರು ವರ್ಷದ ಶಿಷ್ಯನು ಜೊತೆಗಿದ್ದನು. ಗುರುವು ಹಕ್ಕಿಯನ್ನು ಬರೆದರೆ ಅದು ಕುಳಿತ ಕೊಂಬೆ, ಎಲೆ, ಹೂಗಳನ್ನು ಶಿಷ್ಯನು ಬರೆಯುತ್ತಿದ್ದನು. ಸುಮಾರು ಐವತ್ತು ಚಿತ್ರಗಳಲ್ಲಿ ಆ ಬಾಲಕನ ಕೈ ಇದೆ. ಆದರೆ ಮುಂದೆ ಅವು ಅಚ್ಚಾದಾಗ ಅವನ ಹೆಸರು ಕಾಣಿಸಲಿಲ್ಲ. ಚಾರ್ಲ್ಸ್‌ಟನ್ ನಗರದ ಮರಿಯಾ ಮಾರ್ಟಿನ್ ಎಂಬಾಕೆಯೂ ಹೀಗೆಯೇ ಹಲವು ಚಿತ್ರಗಳಿಗೆ ಗಿಡಗಳನ್ನೂ ಕೀಟಗಳನ್ನೂ ಬರೆದುಕೊಟ್ಟಳು.

ಪತಿಯು ಹೀಗೆ ಅಲೆಯುತ್ತಿರುವಾಗ ಸಂಸಾರದ ಭಾರವು ಲೂಸಿಯ ಹೆಗಲೇರಿತು. ಲೂಯಿಸಿಯಾನ ರಾಜ್ಯದ ತೋಟವೊಂದರಲ್ಲಿ ಅವಳು ಶಾಲೆ ನಡೆಸಿ, ಮಕ್ಕಳಿಗೆ ಓದು ಬರಹ ಸಂಗೀತಗಳನ್ನು ಕಲಿಸಿ ಮನೆಯನ್ನು ನಡೆಸಿದಳು. ಆಡುಬಾನನೂ ಊರಿಂದೂರಿಗೆ ಹೋಗಿ ಜನರ ಭಾವಚಿತ್ರ ಬರೆದುಕೊಟ್ಟು, ಚಿತ್ರಕಲೆ ಹೇಳಿಕೊಟ್ಟು ಅಷ್ಟಿಷ್ಟು ಗಳಿಸಿದನು. 1824ರಲ್ಲಿ ತನ್ನ ಚಿತ್ರಗಳನ್ನು ಹೊತ್ತು ಫಿಲಡೆಲ್ಫಿಯಕ್ಕೆ ಹೋದನು. ಅಷ್ಟರಲ್ಲಿ ವಿಲ್ಸನ್ ತೀರಿಕೊಂಡಿದ್ದನು. ಅವನ ಅಭಿಮಾನಿಗಳು ಈ ಹೊಸಬನನ್ನು ಸಹಿಸಲಿಲ್ಲ. ತಾಯ್ನಾಡಾಗಿ ಭಾವಿಸಿದ ದೇಶದಲ್ಲಿ ಪ್ರಕಾಶಕನು ಸಿಕ್ಕದೆ ಹೋದಾಗ ಯೂರೋಪಿಗೆ ಹೋಗದೆ ಬೇರೆ ಮಾರ್ಗವಿರಲಿಲ್ಲ. ಆ ಪ್ರಯಾಣದ ಖರ್ಚಿಗೆ ಲೂಸಿಯು ಶಾಲೆಯಲ್ಲಿ ದುಡಿದು ಕೂಡಿಟ್ಟ ಹಣವೂ ಒದಗಿತು.

1826ರಲ್ಲಿ ಹತ್ತಿಯನ್ನು ಸಾಗಿಸುವ ಹಡಗನ್ನು ಹತ್ತಿ ಅವನು ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿಗೆ ಬಂದಿಳಿದನು. ಭುಜದವರೆಗೆ ಇಳಿಬಿದ್ದ ಕೂದಲು, ಅಡವಿಯವನ ವೇಷ, ಕಂಕುಳಲ್ಲಿ ಚಿತ್ರಗಳ ದೊಡ್ಡ ಕಟ್ಟು ಇವು ಅಲ್ಲಿನ ಜನರಿಗೆ ಬೆರಗನ್ನುಂಟುಮಾಡಿದವು. ಚಿತ್ರಗಳ ಪ್ರದರ್ಶನ ಏರ್ಪಟ್ಟಾಗ ಬೆರಗು ಮೆಚ್ಚುಗೆಯಾಗಿ ಮಾರ್ಪಟ್ಟಿತು. ಎಡಿನ್‌ಬರೊ ನಗರದಲ್ಲಿ ಲಿಜಾರ್ಸ್ ಎಂಬ ಕುಶಲ ಕೆತ್ತನೆಗಾರನು ಮೊದಲ ಹತ್ತು ಚಿತ್ರಗಳನ್ನು ತಾಮ್ರದ ತಗಡುಗಳ ಮೇಲೆ ಕೊರೆದನು. ಆದರೆ ಅವನ ಬಳಿಯಿದ್ದ ಬಣ್ಣ ತುಂಬುವ ಕೆಲಸಗಾರರು ಮುಷ್ಕರ ಹೂಡಿದುದರಿಂದ ಕೆಲಸವು ನಿಂತಿತು. ಆಡುಬಾನನು ಲಂಡನ್ನಿಗೆ ಹೋಗಿ ರಾಬರ್ಟ್ ಹ್ಯಾವೆಲ್ ಎಂಬಾತನಿಗೆ ಅದನ್ನು ಒಪ್ಪಿಸಿದನು. ಹ್ಯಾವೆಲ್ಲನು ಮುಂದಿನ ಹನ್ನೊಂದು ವರ್ಷ ಆ ಕೆಲಸವನ್ನು ಬಿಡದೆ ನಡೆಸಿ ಮುಗಿಸಿದನು.

ಹೀಗೆ 1827ರಿಂದ 1838ರವರೆಗೆ ಐದೈದು ಚಿತ್ರಗಳ ಎಂಬತ್ತೇಳು ಕಂತುಗಳಲ್ಲಿ ‘ಅಮೆರಿಕದ ಪಕ್ಷಿಗಳು’ ಎಂಬ ಮಹಾಗ್ರಂಥವು ಹೊರಬಂದಿತು. ಚಿತ್ರಗಳ ಒಟ್ಟು ಸಂಖ್ಯೆ 435. ಪ್ರತಿಯೊಂದು ಹಾಳೆಯೂ ಸುಮಾರು 39 ಅಂಗುಲ ಉದ್ದ, 26 ಅಂಗುಲ ಅಗಲ. ಕಾಗದ ತಯಾರಕರು ಈ ಅಳತೆಯನ್ನು ಡಬಲ್ ಎಲಿಫೆಂಟ್, ಎಂದರೆ ಜೋಡಿ ಆನೆ, ಎಂದು ಕರೆಯುತ್ತಿದ್ದರು. ಹಕ್ಕಿಗಳೆಲ್ಲ ನಿಜವಾದ ಗಾತ್ರದಲ್ಲಿಯೇ ಇರಬೇಕೆಂಬ ಆಡುಬಾನನ ಹಟಕ್ಕೆ ಇಂತಹ ಕಾಗದವೇ ಬೇಕಾಗಿದ್ದಿತು. ಮೊದಲನೆಯ ಚಿತ್ರವಾದ ಕಾಡು ಟರ್ಕಿ ಕೋಳಿಯು ಹಾಳೆಯನ್ನೆಲ್ಲ ತುಂಬಿ ನಿಂತಿದೆ. ಉದ್ದ ಕಾಲಿನ ರಾಜಹಂಸಕ್ಕೆ ಈ ಹಾಳೆಯೂ ಸಾಲದೆ, ಅದು ಕೊರಳನ್ನು ನೆಲದತ್ತ ಬಾಗಿಸಿರುವಂತೆ ಬರೆಯಬೇಕಾಯಿತು. ತಾಮ್ರದ ತಗಡಿನಿಂದ ಕಪ್ಪು ಗೆರೆಗಳ ಅಚ್ಚು ತೆಗೆದು, ಪ್ರತಿ ಹಾಳೆಗೂ ಕುಂಚದಿಂದ ಕೈಯಾರೆ ಬಣ್ಣ ಹಾಕುತ್ತಿದ್ದರು. ಪೂರ್ಣವಾಗಿ ಮುಗಿದ ಪ್ರತಿಗಳು ಇನ್ನೂರರ ಒಳಗೇ ಇದ್ದರೂ ಬಣ್ಣ ತುಂಬಿದ ಹಾಳೆಗಳ ಸಂಖ್ಯೆ ಎಪ್ಪತ್ತು ಸಾವಿರವನ್ನು ಮೀರಿತು. ಅಮೆರಿಕದಲ್ಲಿ ಒಂದು ಪ್ರತಿಯ ಬೆಲೆ ಸುಮಾರು ಸಾವಿರ ಡಾಲರು. ಚಂದಾದಾರರನ್ನು ಹುಡುಕಿ, ಬಾಕಿ ವಸೂಲು ಮಾಡಿ, ಕೆಲಸಗಾರರಿಗೆ ಕೂಲಿ ಕೊಟ್ಟು, ನಡುನಡುವೆ ಅಮೆರಿಕಕ್ಕೆ ಹಿಂದಿರುಗಿ ಫ್ಲಾರಿಡ, ಲ್ಯಾಬ್ರಡಾರ್ ಮೊದಲಾದ ಕಡೆ ಹೊಸ ಹಕ್ಕಿಗಳನ್ನು ಬರೆದು ತರುವ ಹೊಣೆಯೆಲ್ಲ ಆಡುಬಾನನದೇ. ಹಕ್ಕಿಗಳ ಜೀವನವನ್ನು ಬಣ್ಣಿಸುವ ಐದು ಸಂಪುಟಗಳನ್ನೂ ವಿಲಿಯಂ ಮೆಕ್‌ಗಿಲಿವ್ರೆ ಎಂಬ ಸ್ಕಾಟಿಷ್ ವಿಜ್ಞಾನಿಯ ನೆರವಿನಿಂದ ಪ್ರತ್ಯೇಕವಾಗಿ ಬರೆದು ಮುಗಿಸಿದನು.

ಬೇಟೆಗಾರನಾಗಿದ್ದ ಈ ಮನುಷ್ಯನ ಮನಸ್ಸು ವಯಸ್ಸಾದಂತೆ ಬೇರೊಂದು ಚಿಂತೆಗೆ ತಿರುಗಿತು. 1833ರಲ್ಲಿ ಲ್ಯಾಬ್ರಡಾರಿನ ಕರಾವಳಿಯಲ್ಲಿ ವರ್ತಕರು ಕಡಲಹಕ್ಕಿಗಳ ಮೊಟ್ಟೆಗಳನ್ನು ದೋಣಿಗಟ್ಟಲೆ ದೋಚಿಕೊಂಡು ಹೋಗುವುದನ್ನು ಕಂಡು ಅವನು ಕಳವಳಗೊಂಡನು. ಹೀಗೆಯೇ ನಡೆದರೆ ಆ ಹಕ್ಕಿಗಳು ಅಳಿದುಹೋಗುವುವೆಂದು ಬರೆದನು. 1813ರಲ್ಲಿ ಕೆಂಟಕಿಯಲ್ಲಿ ಸಂಚಾರಿ ಪಾರಿವಾಳಗಳ ಹಿಂಡೊಂದು ಹಗಲ ಬೆಳಕನ್ನು ಮರೆಮಾಡಿ ಮೂರು ದಿನಗಳ ಕಾಲ ಎಡೆಬಿಡದೆ ಹಾರಿಹೋದುದನ್ನು ಅವನು ಕಣ್ಣಾರೆ ಕಂಡಿದ್ದನು. ಅಷ್ಟು ದೊಡ್ಡ ಸಂತತಿಯೂ ಮುಂದೊಂದು ದಿನ ಇಲ್ಲವಾಗುವುದೆಂದು ಆಗ ಯಾರೂ ಎಣಿಸಿರಲಿಲ್ಲ.

ಆಡುಬಾನನು ಕೊನೆಯ ವರ್ಷಗಳನ್ನು ನ್ಯೂಯಾರ್ಕಿನಲ್ಲಿ, ಹಡ್ಸನ್ ನದಿಯ ದಡದಲ್ಲಿ ಕಟ್ಟಿಸಿದ ಮನೆಯಲ್ಲಿ ಕಳೆದನು. ಗ್ರಂಥದ ಚಿಕ್ಕ ಆವೃತ್ತಿಯು ಚೆನ್ನಾಗಿ ಮಾರಾಟವಾಗಿ ಸಂಸಾರಕ್ಕೆ ನೆಮ್ಮದಿಯನ್ನು ತಂದಿತು. ಮಕ್ಕಳಿಬ್ಬರೂ ತಂದೆಯ ಕೆಲಸಕ್ಕೆ ಹೆಗಲು ಕೊಟ್ಟರು. ಆದರೆ ಕ್ರಮೇಣ ಅವನ ದೃಷ್ಟಿ ಮಂದವಾಯಿತು. ಬಳಿಕ ನೆನಪಿನ ಶಕ್ತಿಯೂ ಕುಂದಿತು. ಸಾವಿರಾರು ಹಕ್ಕಿಗಳ ಗರಿಯ ಬಣ್ಣವನ್ನು ನೆನಪಿನಲ್ಲಿಟ್ಟಿದ್ದ ಆ ಮನಸ್ಸಿಗೆ ಎದುರಿನ ಬಂಧುಗಳ ಗುರುತೂ ಸರಿಯಾಗಿ ಸಿಗದಂತಾಯಿತು. 1851ರ ಜನವರಿ 27ರಂದು ಅವನು ತೀರಿಕೊಂಡನು.

ಚಿತ್ರಕಾರನ ಬದುಕು ಇಲ್ಲಿಗೆ ಮುಗಿಯಿತು. ಚಿತ್ರಗಳ ಬದುಕು ಮುಗಿಯಲಿಲ್ಲ. ಅವುಗಳಿಗೆ ಇನ್ನೂ ಕಠಿನ ಪರೀಕ್ಷೆಗಳು ಕಾದಿದ್ದುವು. ಹಿರಿಯ ಮಗ ವಿಕ್ಟರನು 1860ರಲ್ಲಿ, ಕಿರಿಯ ಮಗ ಜಾನನು 1862ರಲ್ಲಿ ತೀರಿಕೊಂಡರು. ಗ್ರಂಥವನ್ನು ಹೊಸದಾಗಿ ಅಚ್ಚುಹಾಕಿಸಲು ಅವರು ಕೈಗೊಂಡ ಪ್ರಯತ್ನವು ಅರ್ಧಕ್ಕೆ ನಿಂತು ಸಾಲವಾಗಿ ಉಳಿದಿದ್ದಿತು. ಅಮೆರಿಕವು ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಕಾಲವದು. ಬೆಲೆಬಾಳುವ ಚಿತ್ರಗಳನ್ನು ಕೊಳ್ಳುವವರು ವಿರಳ. ಎಪ್ಪತ್ತೈದು ವರ್ಷ ದಾಟಿದ ಲೂಸಿಯು ಪತಿಯನ್ನೂ ನಾಲ್ವರು ಮಕ್ಕಳನ್ನೂ ಕಳೆದುಕೊಂಡು, ವೃದ್ಧಾಪ್ಯದಲ್ಲಿಯೂ ಮಕ್ಕಳಿಗೆ ಪಾಠ ಹೇಳಿದವಳು. ಅವಳ ಬಳಿ ಉಳಿದಿದ್ದ ದೊಡ್ಡ ಆಸ್ತಿಯೆಂದರೆ ಪತಿಯು ಸ್ವಹಸ್ತದಿಂದ ಬರೆದ ಮೂಲ ಚಿತ್ರಗಳು. ಅವುಗಳನ್ನು ಒಂದೊಂದಾಗಿ ಮಾರಿದ್ದರೆ ನೂರು ಮನೆಗಳಿಗೆ ಚದುರಿಹೋಗುತ್ತಿದ್ದುವು. ಲೂಸಿಯು ಹಾಗೆ ಮಾಡಲಿಲ್ಲ. 1863ರಲ್ಲಿ ಅವೆಲ್ಲವನ್ನೂ ಒಟ್ಟಾಗಿ ನ್ಯೂಯಾರ್ಕ್ ಇತಿಹಾಸ ಸಂಘಕ್ಕೆ ನಾಲ್ಕು ಸಾವಿರ ಡಾಲರುಗಳಿಗೆ ಒಪ್ಪಿಸಿದಳು. ಸಂಘವು ಆ ಹಣವನ್ನು ಸಾರ್ವಜನಿಕರ ಚಂದಾದಿಂದ ಒದಗಿಸಿತು.

ಈ ಸಂಘವು 1804ರಲ್ಲಿ ಸ್ಥಾಪನೆಯಾದುದು. ಜಾನ್ ಪಿಂಟಾರ್ಡ್ ಎಂಬ ವರ್ತಕನೂ ಅವನ ಹತ್ತು ಮಂದಿ ಸಂಗಡಿಗರೂ ಅದನ್ನು ಕಟ್ಟಿದರು. ಸ್ವಾತಂತ್ರ್ಯಯುದ್ಧವನ್ನು ಕಂಡ ಪೀಳಿಗೆಯು ಕಣ್ಮರೆಯಾಗುವುದಕ್ಕೆ ಮುಂಚೆ ಅದರ ಕಾಗದಪತ್ರಗಳನ್ನು ಕೂಡಿಡಬೇಕೆಂಬುದು ಅವರ ಹಂಬಲ. ಓಲೆಗಳು, ದಿನಚರಿಗಳು, ಲೆಕ್ಕದ ಪುಸ್ತಕಗಳು, ವೃತ್ತಪತ್ರಿಕೆಗಳು, ನಕ್ಷೆಗಳು ಹೀಗೆ ಜನರು ಕಸವೆಂದು ಎಸೆಯುವ ವಸ್ತುಗಳಲ್ಲಿಯೇ ನಾಳಿನ ಚರಿತ್ರೆ ಅಡಗಿದೆಯೆಂದು ಅವರು ಬಲ್ಲವರಾಗಿದ್ದರು. ಕಾಲಕ್ರಮದಲ್ಲಿ ಕಲಾಕೃತಿಗಳೂ ಬಂದು ಸೇರಿದವು. ಒಂದು ಸಾಮ್ರಾಜ್ಯದ ಏಳುಬೀಳುಗಳನ್ನು ಐದು ಚಿತ್ರಗಳಲ್ಲಿ ತೋರಿಸುವ ಥಾಮಸ್ ಕೋಲನ ಪ್ರಸಿದ್ಧ ಕೃತಿಯು 1858ರಲ್ಲಿ ಬಂದಿತು. ಐದು ವರ್ಷಗಳ ಬಳಿಕ ಆಡುಬಾನನ ಹಕ್ಕಿಗಳು ಬಂದವು. 1908ರಲ್ಲಿ ಸಂಘವು ಸೆಂಟ್ರಲ್ ಪಾರ್ಕ್ ಉದ್ಯಾನದ ಪಶ್ಚಿಮ ಬದಿಯಲ್ಲಿ ಕಟ್ಟಿದ ಸ್ವಂತ ಭವನಕ್ಕೆ ತೆರಳಿತು. 2024ರಲ್ಲಿ ತನ್ನ ಹೆಸರನ್ನು ನ್ಯೂಯಾರ್ಕ್ ಹಿಸ್ಟಾರಿಕಲ್ ಎಂದು ಚಿಕ್ಕದಾಗಿಸಿಕೊಂಡಿತು.

ಮೂಲ ಚಿತ್ರಗಳು ಹೀಗೆ ಪಾರಾದುವು. ಅವುಗಳಿಂದ ಕೊರೆದ ತಾಮ್ರದ ತಗಡುಗಳಿಗೆ ಆ ಭಾಗ್ಯವಿರಲಿಲ್ಲ. ಕೆಲವು ವರ್ಷಗಳ ತರುವಾಯ ಅವು ಗುಜರಿಯ ಬೆಲೆಗೆ ಮಾರಾಟವಾಗಿ ಕನೆಕ್ಟಿಕಟ್ ರಾಜ್ಯದ ತಾಮ್ರದ ಕಾರ್ಖಾನೆಯೊಂದರ ಕುಲುಮೆಯನ್ನು ಸೇರಿದವು. ಕಾರ್ಖಾನೆಯ ವ್ಯವಸ್ಥಾಪಕನ ಮಗ, ಹದಿನಾಲ್ಕು ವರ್ಷದ ಚಾರ್ಲ್ಸ್ ಕೌಲ್ಸ್, ಒಂದು ದಿನ ಕುಲುಮೆಯ ಬಳಿ ನಿಂತಿದ್ದನು. ಒಳಗೆ ಹಾಕಲಿದ್ದ ತಗಡಿನ ಮೇಲೆ ಹಕ್ಕಿಯ ಪಾದದಂತಹ ಗುರುತು ಅವನ ಕಣ್ಣಿಗೆ ಬಿದ್ದಿತು. ಹಕ್ಕಿಗಳಲ್ಲಿ ಆಸಕ್ತಿಯಿದ್ದ ಬಾಲಕನಿಗೆ ಅದೇನೆಂದು ಹೊಳೆಯಿತು. ತಗಡುಗಳನ್ನು ಕರಗಿಸಬಾರದೆಂದು ಕೆಲಸಗಾರರನ್ನೂ ಮೇಲ್ವಿಚಾರಕನನ್ನೂ ಬೇಡಿಕೊಂಡನು, ಯಾರೂ ಕಿವಿಗೊಡಲಿಲ್ಲ. ಆಗ ತಾಯಿಯ ಬಳಿಗೆ ಓಡಿ ಅವಳ ನೆರವನ್ನು ಪಡೆದನು. ಅಷ್ಟು ಹೊತ್ತಿಗೆ ಬಹುಪಾಲು ಕರಗಿಹೋಗಿದ್ದುವು. ಉಳಿದವು ಅವನಿಂದ ಉಳಿದವು. ಇಂದು ಸುಮಾರು ಎಂಬತ್ತು ತಗಡುಗಳು ಅಲ್ಲಲ್ಲಿ ವಸ್ತುಸಂಗ್ರಹಾಲಯಗಳಲ್ಲಿಯೂ ಖಾಸಗಿ ಸಂಗ್ರಹಗಳಲ್ಲಿಯೂ ಇವೆ.

ಅಚ್ಚಾದ ಗ್ರಂಥದ ಪ್ರತಿಗಳು ಇರುವಾಗ ಮೂಲ ಚಿತ್ರಗಳ ಅಗತ್ಯವೇನು ಎಂದು ಕೇಳಬಹುದು. ಅಚ್ಚಿನ ಹಾಳೆಯಲ್ಲಿ ಮುಗಿದ ಕೆಲಸ ಮಾತ್ರ ಕಾಣುತ್ತದೆ. ಮೂಲದಲ್ಲಿ ಕೆಲಸ ನಡೆದ ಬಗೆ ಕಾಣುತ್ತದೆ. ಜಲವರ್ಣದ ಜೊತೆಗೆ ಪೆನ್ಸಿಲ್, ಶಾಯಿ, ಬಣ್ಣದ ಕಡ್ಡಿ ಇವುಗಳನ್ನು ಆಡುಬಾನನು ಹೇಗೆ ಬೆರೆಸಿದನೆಂಬುದು ಅಲ್ಲಿ ತಿಳಿಯುತ್ತದೆ. ಹಿಂದೆ ಬರೆದಿದ್ದ ಹಕ್ಕಿಯನ್ನು ಕತ್ತರಿಸಿ ಹೊಸ ಚಿತ್ರಕ್ಕೆ ಅಂಟಿಸಿದ ಗುರುತುಗಳಿವೆ. ಇದನ್ನು ಹೀಗೆ ಕೊರೆ, ಆ ಕೊಂಬೆಯನ್ನು ಬದಲಿಸು ಎಂಬ ಅರ್ಥದ ಸೂಚನೆಗಳನ್ನು ಹ್ಯಾವೆಲ್ಲನಿಗಾಗಿ ಅಂಚುಗಳಲ್ಲಿ ಬರೆದಿದ್ದಾನೆ. ಬೆಳಕು ತಾಗಿದರೆ ಬಣ್ಣ ಮಾಸುವುದರಿಂದ ಈ ಚಿತ್ರಗಳನ್ನು ಸದಾಕಾಲ ಗೋಡೆಗೆ ತೂಗುಹಾಕುವಂತಿಲ್ಲ. ಕತ್ತಲೆಯ ಕೋಣೆಗಳಲ್ಲಿ ಕಾಪಿಟ್ಟು, ಸರದಿಯ ಮೇಲೆ ಕೆಲವನ್ನು ಮಾತ್ರ ಮಂದ ಬೆಳಕಿನಲ್ಲಿ ತೋರಿಸುತ್ತಾರೆ. 2013ರಿಂದ 2015ರವರೆಗೆ ಮೂರು ಕಂತುಗಳಲ್ಲಿ ಇಡೀ ಸಂಗ್ರಹವನ್ನು ಜನರ ಮುಂದಿಟ್ಟರು. ಪ್ರದರ್ಶಿಸುವುದರಷ್ಟೇ ಮುಚ್ಚಿಡುವುದೂ ಸಂಗ್ರಹಾಲಯದ ಧರ್ಮ.

ಆ ಚಿತ್ರಗಳಲ್ಲಿ ಕೆಲವಕ್ಕೆ ಇನ್ನೂ ಒಂದು ಬೆಲೆಯುಂಟು. ಹಳದಿ ತಲೆಯ ಕ್ಯಾರೊಲಿನಾ ಗಿಳಿಗಳು ಒಂದು ಹಾಳೆಯಲ್ಲಿ ಕೊಂಬೆಯ ಮೇಲೆ ಒತ್ತೊತ್ತಾಗಿ ಕುಳಿತು ನೋಡುವವನತ್ತ ಕತ್ತು ತಿರುಗಿಸಿವೆ. ಅವುಗಳ ಕುಲದ ಕೊನೆಯ ಹಕ್ಕಿಯು 1918ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಆಡುಬಾನನು ಮೂರು ದಿನ ನೋಡಿ ದಣಿದ ಸಂಚಾರಿ ಪಾರಿವಾಳಗಳ ಸಂತತಿಯು 1914ರಲ್ಲಿ ಅದೇ ಮೃಗಾಲಯದಲ್ಲಿ ಕೊನೆಗೊಂಡಿತು. ಉತ್ತರದ ಕಡಲಿನ ಗ್ರೇಟ್ ಆಕ್ ಎಂಬ ಹಾರಲಾರದ ಹಕ್ಕಿಯು ಅವನ ಕಾಲದಲ್ಲಿಯೇ ಅಳಿಯಿತು. ಈ ಹಕ್ಕಿಗಳನ್ನು ಬದುಕಿದ್ದಾಗ ಕಂಡವರು ಇಂದು ಯಾರೂ ಇಲ್ಲ. ಅವು ಹೇಗೆ ಕುಳಿತುಕೊಳ್ಳುತ್ತಿದ್ದುವು, ಹೇಗೆ ಕತ್ತು ಕೊಂಕಿಸುತ್ತಿದ್ದುವು ಎಂಬುದಕ್ಕೆ ಕಾಗದದ ಸಾಕ್ಷಿಯು ಮಾತ್ರ ಉಳಿದಿದೆ.

ಲೂಸಿಯು ಮುಪ್ಪಿನಲ್ಲಿ ಪಾಠ ಹೇಳಿದ ಮಕ್ಕಳಲ್ಲಿ ಜಾರ್ಜ್ ಬರ್ಡ್ ಗ್ರಿನೆಲ್ ಎಂಬ ಬಾಲಕನೊಬ್ಬನಿದ್ದನು. ಅವನು ಬೆಳೆದು ದೊಡ್ಡವನಾದ ಮೇಲೆ, 1886ರಲ್ಲಿ, ಹಕ್ಕಿಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿ ಅದಕ್ಕೆ ಆಡುಬಾನನ ಹೆಸರನ್ನಿಟ್ಟನು. ಅದೇ ಹೆಸರಿನಲ್ಲಿ ಬಳಿಕ ಅಮೆರಿಕದ ಅನೇಕ ಕಡೆ ಪಕ್ಷಿಸಂರಕ್ಷಣಾ ಸಂಘಗಳು ಹುಟ್ಟಿದವು. ಗುಲಾಮರನ್ನು ಇಟ್ಟುಕೊಂಡಿದ್ದವನ ಹೆಸರು ಬೇಡವೆಂದು ಇತ್ತೀಚೆಗೆ ಅವುಗಳಲ್ಲಿ ಕೆಲವು ಹೆಸರನ್ನು ಬದಲಿಸಿಕೊಂಡಿವೆ. ರಾಷ್ಟ್ರೀಯ ಸಂಘವು 2023ರಲ್ಲಿ ಈ ಪ್ರಶ್ನೆಯನ್ನು ಚರ್ಚಿಸಿ ಹಳೆಯ ಹೆಸರನ್ನೇ ಉಳಿಸಿಕೊಳ್ಳಲು ತೀರ್ಮಾನಿಸಿತು. ಒಬ್ಬ ಮನುಷ್ಯನ ಗುಣವನ್ನೂ ದೋಷವನ್ನೂ ಜೊತೆಜೊತೆಯಲ್ಲಿ ತೂಗಿನೋಡಲು ಸಾಧ್ಯವಾಗುವುದು ಅವನ ಕೃತಿಗಳೂ ಕಾಗದಪತ್ರಗಳೂ ಉಳಿದಿರುವಾಗ ಮಾತ್ರ.

ಪೆಟ್ಟಿಗೆಯಲ್ಲಿಟ್ಟ ಇನ್ನೂರು ಚಿತ್ರಗಳು ಇಲಿಗಳ ಪಾಲಾದುವು. ತಾಮ್ರದ ತಗಡುಗಳಲ್ಲಿ ಹೆಚ್ಚಿನವು ಕುಲುಮೆಯ ಪಾಲಾದುವು. ಹಕ್ಕಿಗಳಲ್ಲಿಯೇ ಕೆಲವು ಕುಲಗಳು ಮನುಷ್ಯನ ಲೋಭಕ್ಕೆ ಬಲಿಯಾದುವು. ಇಷ್ಟೆಲ್ಲದರ ನಡುವೆ ಆ ನಾನೂರಕ್ಕೂ ಹೆಚ್ಚು ಹಾಳೆಗಳು ಉಳಿದುದು ದೈವಯೋಗದಿಂದಲ್ಲ. ಬಡತನದಲ್ಲಿಯೂ ಅವುಗಳನ್ನು ಚದುರಿಸದ ಒಬ್ಬ ವೃದ್ಧೆಯ ವಿವೇಕ, ಯುದ್ಧದ ನಡುವೆಯೂ ಚಂದಾ ಕೊಟ್ಟ ಜನರ ಔದಾರ್ಯ, ತಲೆಮಾರುಗಳುದ್ದಕ್ಕೂ ಅವುಗಳನ್ನು ಜೋಪಾನ ಮಾಡಿದ ಹೆಸರಿಲ್ಲದ ಸಿಬ್ಬಂದಿಯ ಶ್ರದ್ಧೆ ಇವು ಸೇರಿ ಅವುಗಳನ್ನು ಉಳಿಸಿದವು. ಬರೆಯುವವನು ಒಬ್ಬನೇ ಇರಬಹುದು. ಉಳಿಸುವುದಕ್ಕೆ ಅನೇಕರು ಬೇಕು. ಆಡುಬಾನನ ಜೀವನವನ್ನು ನೆನೆಯುವಾಗ ಆ ಅನೇಕರನ್ನೂ ನೆನೆಯುವುದು ಉಚಿತ.